ಗಲ್‌ಗುಮಿಯಲ್ಲಿ ಉಳಿದ ಮಗು

ಸೊಮುಲ್, ಜೇಜು ದ್ವೀಪ
೯ ಮಾರ್ಚ್ ೧೯೮೧

ಉನ್‌ಸಿಲ್,

ನೀನು ಕೇಳಿದ ವಂಶದ ದಾಖಲೆಯ ನಕಲು ಇದರ ಜೊತೆಗಿದೆ. ರಬ್ಬರ್ ಶೂ ಅಂಟಿಸೋ ಕೆಲಸ ಖಾಯಂ ಮಾಡೋದಕ್ಕೆ ನಮ್ಮ ಅಜ್ಜ ಮುತ್ತಜ್ಜಂದಿರ ಸುದ್ದಿ ಯಾಕೆ ಬೇಕೋ ನಿಮ್ಮ ಕಾರ್ಖಾನೆಯವರಿಗೆ. ಕಚೇರಿಯ ಗುಮಾಸ್ತ ಹೊಸ ಪುಟಗಳ ಜೊತೆ ಅಜ್ಜಿಯ ತವರಿನ ಹಳೇ ಪುಟವನ್ನೂ ಸೇರಿಸಿ ಹೊಲಿದುಬಿಟ್ಟ. ಅದು ಬೇಡ ಅಂದೆ. ಬಂದದ್ದು ಬಂತು, ತಗೊಂಡು ಹೋಗಮ್ಮ ಅಂದ. ಎಲ್ಲ ಚೀನೀ ಅಕ್ಷರ, ನನಗೆ ಒಂದೂ ಓದೋಕೆ ಬರಲ್ಲ.

ಅಜ್ಜಿಗೆ ಜ್ವರ ಬಂದು ಹೋಯ್ತು. ಈ ವಯಸ್ಸಲ್ಲಿ ಚಿಪ್ಪು ಕೀಳೋಕೆ ಫೆಬ್ರುವರಿಯ ಕಡಲಲ್ಲಿ ಮುಳುಗಬೇಡ ಅಂದ್ರೆ, ‘ನೀನು ಹುಟ್ಟೋಕೆ ಮುಂಚಿನಿಂದ ಈ ನೀರು ನನಗೆ ಗೊತ್ತು’ ಅಂತ ಬಲೆಚೀಲ ಹೆಗಲಿಗೆ ಹಾಕ್ಕೊಂಡು ಹೋದಳು. ಬಂದವಳು ಮಲಗಿದಳು. ಜ್ವರ ಏರಿದಾಗ ಏನೇನೋ ಮಾತಾಡಿದಳು. ನನಗೆ ಹೆದರಿಕೆ ಆದದ್ದು ಜ್ವರಕ್ಕಲ್ಲ, ಆ ದನಿಗೆ. ಅರವತ್ತರ ಹೆಂಗಸಿನ ಗಂಟಲಿಂದ ಸಣ್ಣ ಮಗುವಿನ ದನಿ ಬರ್ತಿತ್ತು. ಮಾತಿನ ಎಳೆತವೂ ನಮ್ಮ ಕಡೇದಲ್ಲ. ‘ಒಮೇ, ಒಮೇ’ ಅಂತ ಯಾರನ್ನೋ ಕರೀತಿದ್ದಳು. ಆ ಹೆಸರಿನವರು ನಮ್ಮೂರಲ್ಲಿ ಯಾರೂ ಇಲ್ಲ. ಜ್ವರ ಬಿಟ್ಟ ಮೇಲೆ ಕೇಳಿದೆ, ಒಮೇ ಅಂದ್ರೆ ಯಾರು ಅಂತ. ‘ನನಗೇನು ಗೊತ್ತು, ನಿನ್ನ ಕಿವಿಗೆ ನೀರು ಹೊಕ್ಕಿದೆ’ ಅಂತ ರೇಗಿದಳು.

ಒಣಗಿಸಿದ ಕಡಲಪಾಚಿ ಕಳಿಸಿದ್ದೀನಿ. ಹೇಳದೆ ಕೇಳದೆ ಹಡಗು ಹತ್ತಿದ್ದನ್ನು ನಾನು ಮರೆತಿದ್ದೀನಿ ಅಂದುಕೋಬೇಡ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ಇನ್‌ಸುನ್


ಬೂಸಾನ್
೨೨ ಮಾರ್ಚ್ ೧೯೮೧

ಅಮ್ಮನಿಗೆ,

ಪಾಚಿ ತಲುಪಿತು. ಕೋಣೆಯ ಹುಡುಗಿಯರೆಲ್ಲ ಸೇರಿ ಒಂದೇ ಸಲಕ್ಕೆ ಸಾರು ಮಾಡಿ ಮುಗಿಸಿದರು. ಕೆಲಸ ಖಾಯಂ ಆಯಿತು.

‘ಒಮೇ’ ಯಾರ ಹೆಸರೂ ಅಲ್ಲ ಅಮ್ಮಾ. ನನ್ನ ಪಕ್ಕದಲ್ಲಿ ಕೂತು ಅಂಟು ಹಚ್ಚುವ ಹುಡುಗಿಯನ್ನು ನೋಡಲು ಹೋದ ವಾರ ಅವಳ ತಾಯಿ ಹಳ್ಳಿಯಿಂದ ಬಂದಿದ್ದರು. ಗೇಟಿನಲ್ಲಿ ಅವರನ್ನು ಕಂಡದ್ದೇ ಅವಳು ಹಾಗೆ ಕೂಗುತ್ತಾ ಓಡಿದಳು. ನಾವು ತಾಯಿಯನ್ನು ‘ಒಮಂಗ್’ ಅನ್ನುವ ಹಾಗೆ ಈ ಪೂರ್ವ ಕರಾವಳಿಯವರು ‘ಒಮೇ’ ಅನ್ನುತ್ತಾರೆ. ಅಜ್ಜಿಗೆ ಈ ಮಾತು ಎಲ್ಲಿಂದ ಬಂತು? ಊರಿನ ಹೆಂಗಸರೆಲ್ಲ ಮುಳುಗುವ ಕೆಲಸಕ್ಕೆ ಹೊರಗಿನ ಕಡಲಿಗೆ ಹೋದರೂ ಅಜ್ಜಿಯನ್ನು ಮಾತ್ರ ಮುತ್ತಜ್ಜಿ ದ್ವೀಪ ದಾಟಲು ಬಿಡಲಿಲ್ಲ ಅಂತ ನೀನೇ ಹೇಳಿದ್ದೆ.

ಇನ್ನೊಂದು ವಿಷಯ. ಆ ಹಳೆಯ ಪುಟವನ್ನು ಶಾಲೆಯಲ್ಲಿ ಕಲಿತಷ್ಟು ಅಕ್ಷರ ಹಿಡಿದುಕೊಂಡು ಓದಿದೆ. ಮುತ್ತಜ್ಜನ ಹೆಸರು, ಮುತ್ತಜ್ಜಿ ಯಾಂಗ್ ಮಾನ್‌ಸುಕ್‌ಳ ಹೆಸರು, ಆಮೇಲೆ ‘ಮಗಳು ಬು ಚುನ್‌ಹ್ವಾ’ ಅಂತ ಅಜ್ಜಿಯ ಹೆಸರು. ಅದರ ಕೆಳಗೆ ಒಂದು ಸಾಲಿದೆ. ‘ಗಲ್‌ಗುಮಿ ಎಂಬ ಊರಿನಲ್ಲಿ ಮರಣ’ ಅಂತ. ೧೯೨೫ನೇ ಇಸವಿಯ ಬೇಸಿಗೆ. ಅಜ್ಜಿಗೆ ಆಗ ನಾಲ್ಕು ವರ್ಷ. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ತಪ್ಪು ವರದಿ, ರದ್ದು’ ಎಂದು ಬರೆದಿದ್ದಾರೆ.

ಗಲ್‌ಗುಮಿ ಇಲ್ಲಿಂದ ದೂರವಿಲ್ಲ. ಕರಾವಳಿಯ ಬಸ್ಸು ಹಿಡಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಸತ್ತಳೆಂದು ಸುಮ್ಮನೆ ಯಾರೂ ಬರೆಯುವುದಿಲ್ಲ. ಯಾರೋ ಒಂದು ಮಗು ಸತ್ತಿದೆ.

ನಿನ್ನ,
ಉನ್‌ಸಿಲ್


ಸೊಮುಲ್
೬ ಏಪ್ರಿಲ್ ೧೯೮೧

ಉನ್‌ಸಿಲ್,

ಗೆರೆ ಎಳೆದವರು ತಿಳಿದೇ ಎಳೆದಿರ್ತಾರೆ. ಆ ಕಾಲದಲ್ಲಿ ನಮ್ಮನ್ನ ಆಳ್ತಿದ್ದ ಜಪಾನಿನವರು ಬದುಕಿದ್ದವರನ್ನ ಸತ್ತರು ಅಂತ ಬರೆದದ್ದು, ಸತ್ತವರ ಹತ್ತಿರ ತೆರಿಗೆ ಕೇಳಿದ್ದು ಎಷ್ಟೋ ಇದೆ. ನಿನ್ನ ಅಜ್ಜಿ ಸತ್ತಿದ್ರೆ ನಾನು ಹೇಗೆ ಹುಟ್ಟಿದೆ, ನೀನು ಹೇಗೆ ಹುಟ್ಟಿದೆ?

ಕಾಗದ ಬಂದ ದಿನ ಓದಿ ಹೇಳು ಅಂದಳು ಅಜ್ಜಿ. ಆ ಭಾಗ ಬಿಟ್ಟು ಓದಿದೆ. ಎಲ್ಲ ಕೇಳಿಸಿಕೊಂಡು, ‘ಬಿಟ್ಟಿದ್ದು ಏನು?’ ಅಂದಳು. ಏನೂ ಬಿಟ್ಟಿಲ್ಲ ಅಂದೆ. ಆಮೇಲೆ ಜಗಲಿ ಮೇಲೆ ಕೂತು ಕಡಲಿನ ಕಡೆ ಬೆನ್ನು ಹಾಕಿ ಬೆಳ್ಳುಳ್ಳಿ ಸುಲಿದಳು. ನಮ್ಮಮ್ಮ ಕಡಲಿಗೆ ಬೆನ್ನು ಹಾಕಿ ಕೂತದ್ದನ್ನ ನಾನು ನೋಡಿರಲಿಲ್ಲ.

ಅಲ್ಲಿಗೆ ಹೋಗಬೇಡ. ರಜಾದಿನ ನಿದ್ದೆ ಮಾಡು.

ಅಮ್ಮ


ಬೂಸಾನ್
೧೮ ಮೇ ೧೯೮೧

ಅಮ್ಮನಿಗೆ,

ಹೋಗಿ ಬಂದೆ. ನೀನು ಬೈಯುತ್ತೀ ಅಂತ ಗೊತ್ತು, ಆದರೂ ಪೂರ್ತಿ ಓದು. ಅಜ್ಜಿಗೆ ಓದಬೇಕೋ ಬೇಡವೋ ಅನ್ನುವುದನ್ನು ಆಮೇಲೆ ಯೋಚಿಸು.

ಗಲ್‌ಗುಮಿ ಸಣ್ಣ ಕೊಲ್ಲಿ. ಹಿಂದೆ ಒಂದು ಗುಡ್ಡ. ಅಂಗಡಿಯಲ್ಲಿ ಕೂತಿದ್ದ ಗಂಡಸರನ್ನು, ಹಿಂದಿನ ಕಾಲದಲ್ಲಿ ಜೇಜುವಿನ ಮುಳುಗುವ ಹೆಂಗಸರು ಇಲ್ಲಿ ಯಾರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು ಅಂತ ಕೇಳಿದೆ. ಎಲ್ಲರೂ ಒಂದೇ ಮನೆ ತೋರಿಸಿದರು, ಉಲ್ಜಿನ್ ಅಜ್ಜಿಯ ಮನೆ. ಉಲ್ಜಿನ್ ಅವರ ತವರೂರು. ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ಎಂಬತ್ತು ದಾಟಿದೆ, ಕಣ್ಣು ಮಂಜು, ವಿಧವೆಯಾದ ಸೊಸೆಯ ಜೊತೆ ಇದ್ದಾರೆ. ನಾನು ಮಾತಾಡಿದ ಕೂಡಲೇ, ‘ದ್ವೀಪದವಳು’ ಅಂದರು. ಒಳಗೆ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಸತ್ತ ಮಗುವಿನ ಬಗ್ಗೆ ಕೇಳಿದೆ. ಅವರು ಹೇಳಿದ್ದು ಒಂದಲ್ಲ, ಎರಡು ಮಕ್ಕಳ ಕಥೆ.

ಆ ಬೇಸಿಗೆ ಅವರ ಮನೆಯ ಹೊರಕೋಣೆಯಲ್ಲಿ ಜೇಜುವಿನ ಒಬ್ಬಾಕೆ ನಾಲ್ಕು ವರ್ಷದ ಮಗಳ ಜೊತೆ ಇಳಿದುಕೊಂಡಿದ್ದಳಂತೆ. ಈ ಮನೆಯಲ್ಲೂ ಅದೇ ವಯಸ್ಸಿನ ಮಗಳು, ಬುನಿ ಅಂತ. ಎರಡೂ ಮಕ್ಕಳು ದಿನವಿಡೀ ಅಂಗಳದಲ್ಲಿ ಒಟ್ಟಿಗೆ ಆಡುತ್ತಿದ್ದವು. ಆಮೇಲೆ ದಡಾರ ಬಂತು. ಜೇಜುವಿನ ಮಗು ಹೋಯಿತು. ಮುಳುಗುವ ಹೆಂಗಸರೇ ಗುಡ್ಡದ ಮೇಲೆ ಗುಂಡಿ ತೋಡಿ, ನರಿ ಕೆದಕದ ಹಾಗೆ ಕಲ್ಲು ಪೇರಿಸಿ ಬಂದರು. ಊರಿನ ಮುಖ್ಯಸ್ಥ ಮರಣದ ವರದಿ ಬರೆದು ಕಚೇರಿಗೆ ಕಳಿಸಿದ. ಅಮ್ಮಾ, ಕೆಂಪು ಗೆರೆಯ ಕೆಳಗಿರುವುದು ಆ ವರದಿ.

ಅದಾದ ಸ್ವಲ್ಪ ದಿನಕ್ಕೆ ಬುನಿ ಕಾಣೆಯಾದಳು. ಬಂಡೆಗಳ ಹತ್ತಿರ ಆಡುತ್ತಿದ್ದವಳು ಇಲ್ಲ. ಊರೆಲ್ಲ ಹುಡುಕಿತು. ಅಲೆ ಎಳೆದುಕೊಂಡು ಹೋಯಿತು ಅಂದರು. ಮರುದಿನ ಬೆಳಿಗ್ಗೆ ಜೇಜುವಿನವರ ದೋಣಿ ಹೊರಟಿತು. ‘ಆ ಹೆಂಗಸು ದೋಣಿ ಹತ್ತೋ ಮುಂಚೆ ನನ್ನನ್ನ ತಬ್ಬಿಕೊಂಡು ಅತ್ತಳು. ನನಗಿಂತ ಜೋರಾಗಿ ಅತ್ತಳು. ಮಗು ಕಳೆದುಕೊಂಡವಳಿಗೆ ಮಾತ್ರ ನನ್ನ ಸಂಕಟ ಗೊತ್ತಾಗ್ತದೆ ಅಂದುಕೊಂಡೆ’ ಅಂದರು ಉಲ್ಜಿನ್ ಅಜ್ಜಿ.

ಬುನಿಯ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಹೆಣ್ಣುಮಗು ಬದುಕಿ ಉಳಿದ ಮೇಲೆ ಬರೆಸಿದರಾಯಿತು ಅಂತ ಮಾವ ಸುಮ್ಮನಿದ್ದರಂತೆ. ಸೊಸೆ ಹೇಳಿದಳು.

ಇಷ್ಟಕ್ಕೇ ನಾನು ಎದ್ದು ಬರಬಹುದಿತ್ತು. ಆದರೆ ಅವರು ಇನ್ನೂ ಹೇಳಿದರು. ಪ್ರತಿ ಬೇಸಿಗೆ ಬುನಿಗಾಗಿ ಕಡಲ ದಡದಲ್ಲಿ ಪೂಜೆ ಮಾಡಿಸುತ್ತಾರೆ. ಬಟ್ಟಲಿಗೆ ಅನ್ನ ತುಂಬಿ ಬಿಳಿ ಬಟ್ಟೆ ಕಟ್ಟಿ, ಹಗ್ಗದಲ್ಲಿ ನೀರಿಗೆ ಇಳಿಬಿಡುತ್ತಾರೆ. ಸತ್ತವರನ್ನು ಕರೆಯುವ ಹೆಂಗಸು ಗಂಟೆ ಬಾರಿಸಿ ಮಗುವನ್ನು ಕೂಗುತ್ತಾಳೆ. ಮೊದಲನೇ ವರ್ಷವೇ ಮಗು ಬಂತಂತೆ. ಬಟ್ಟೆ ಬಿಚ್ಚಿದರೆ ಅನ್ನದ ಮೇಲೆ ಒಂದು ಕೂದಲೆಳೆ. ಆದರೆ ಹಗ್ಗ ಕಡಲಿನ ಕಡೆ ಎಳೆಯಲಿಲ್ಲ. ಗುಡ್ಡದ ಕಡೆ ಎಳೆಯಿತು. ಈಗಲೂ ಹಾಗೇ ಎಳೆಯುತ್ತದಂತೆ, ಹಿಡಿದವರ ಅಂಗೈ ಸುಲಿಯುವಷ್ಟು.

‘ನನ್ನ ಬುನಿ ಈಗ ನನ್ನನ್ನ ಒಮೇ ಅನ್ನೋದಿಲ್ಲ’ ಅಂದರು. ‘ಒಮಂಗ್ ಅಂತಾಳೆ. ಒಮಂಗ್, ಎದೆ ಮೇಲೆ ಕಲ್ಲು ಭಾರ ಅಂತಾಳೆ. ನೀರಿನಡಿ ದಿನಾ ನಿಮ್ಮ ಹೆಂಗಸರ ಜೊತೆ ಇರ್ತಾಳಲ್ಲ, ಅವರ ಮಾತು ಕಲಿತುಬಿಟ್ಟಿದ್ದಾಳೆ.’

ವಾಪಸ್ ಬರುವಾಗ ಗುಡ್ಡ ಹತ್ತಿ ನೋಡಿದೆ. ಕಲ್ಲಿನ ರಾಶಿ ಇದೆ. ಸುತ್ತ ಸೊಂಟದೆತ್ತರ ಹುಲ್ಲು. ರಾಶಿಯ ಮೇಲೆ ಮಾತ್ರ ಒಂದು ಗರಿಕೆಯೂ ಇಲ್ಲ. ಯಾರು ಕೀಳುತ್ತಾರೆ ಅಂತ ದಾರಿ ತೋರಿಸಲು ಬಂದ ಸೊಸೆಯನ್ನು ಕೇಳಿದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ ಅಂದಳು.

ಉನ್‌ಸಿಲ್


ಸೊಮುಲ್
೧೪ ಜೂನ್ ೧೯೮೧

ಉನ್‌ಸಿಲ್,

ನಿನ್ನ ಕಾಗದವನ್ನ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದೆ. ಅನ್ನಕ್ಕೆ ಅಕ್ಕಿ ಅಳೆಯೋವಾಗೆಲ್ಲ ಅದು ಕೈಗೆ ತಗಲ್ತಿತ್ತು. ಬೆಂಕಿಗೆ ಹಾಕೋಣ ಅಂತ ಎರಡು ಸಲ ಒಲೆ ಹತ್ತಿರ ಹೋದೆ. ಹಾಕಲಿಲ್ಲ.

ಮೇಲಿನ ಕೇರಿಯ ಮುನ್ ಅಜ್ಜಿಯ ಹತ್ತಿರ ಹೋಗಿದ್ದೆ. ಆ ದೋಣಿಯಲ್ಲಿ ಇದ್ದವರಲ್ಲಿ ಉಳಿದಿರೋದು ಅವಳೊಬ್ಬಳೇ. ಗಲ್‌ಗುಮಿ ಅಂದೆ, ಅಷ್ಟೇ. ಬಾಗಿಲು ಹಾಕಿ ಬಾ ಅಂದಳು. ಬಾಗಿಲು ಹಾಕಿದೆ.

‘ದೋಣಿಯಲ್ಲಿ ಬಲೆಚೀಲ, ನೀರಲ್ಲಿ ಹಿಡ್ಕೊಂಡು ತೇಲೋ ಸೋರೆಬುರುಡೆ ಎಲ್ಲ ರಾಶಿ ಹಾಕಿದ್ವಿ. ಮಗು ಅದರ ಕೆಳಗೆ ಮಲಗಿತ್ತು. ಅದಕ್ಕೆ ಏನು ಕುಡಿಸಿದ್ದಳೋ ಕೇಳಬೇಡ. ದಡದಲ್ಲಿ ಮಾನ್‌ಸುಕ್ ಆ ತಾಯಿನ ತಬ್ಬಿಕೊಂಡು ಅಳ್ತಿದ್ದಳು. ನಾವು ಯಾರೂ ಯಾರ ಮುಖಾನೂ ನೋಡಲಿಲ್ಲ. ಬಾಯಿ ಬಿಟ್ಟಿದ್ರೆ ಮಾನ್‌ಸುಕ್ ಮಾರನೇ ದಿನ ನೀರಿಗೆ ಇಳಿದವಳು ಮೇಲೆ ಬರ್ತಿರಲಿಲ್ಲ. ನಮಗೆ ಅದು ಗೊತ್ತಿತ್ತು.’

ಅಷ್ಟಾದ ಮೇಲೆ ಅವಳು ತಡೆಯದೆ ಹೇಳಿದಳು. ಮರಣದ ವರದಿ ನಮ್ಮ ಕಚೇರಿಗೆ ಬಂದದ್ದು ಚಳಿಗಾಲದಲ್ಲಂತೆ. ನನ್ನಜ್ಜಿ ಮಾನ್‌ಸುಕ್ ಮಗೂನ ಬೆನ್ನಿಗೆ ಕಟ್ಟಿಕೊಂಡು ಹೋಗಿ ಗುಮಾಸ್ತನ ಮೇಜಿನ ಮೇಲೆ ಕೂರಿಸಿ, ‘ಮುಟ್ಟಿ ನೋಡು, ತಣ್ಣಗಿದೆಯಾ?’ ಅಂದಳಂತೆ. ಅವನು ಗೆರೆ ಎಳೆದ. ಮಗು ಒಂದು ವರ್ಷ ಬೇರೆ ಭಾಷೆಯಲ್ಲಿ ಅತ್ತಿತು. ಆಮೇಲೆ ಒಂದು ಬೆಳಿಗ್ಗೆ ನಮ್ಮ ಭಾಷೆಯಲ್ಲಿ ಗಂಜಿ ಕೇಳಿತು. ಅವತ್ತು ಊರಿನ ಹೆಂಗಸರೆಲ್ಲ ಒಲೆ ಮುಂದೆ ಕೂತು ಸುಮ್ಮನೆ ಉಸಿರು ಬಿಟ್ಟರಂತೆ.

ಮಾನ್‌ಸುಕ್ ನನ್ನನ್ನ ಬೆನ್ನ ಮೇಲೆ ಹೊತ್ತು ಬೆಳೆಸಿದವಳು. ನೀರಿನಲ್ಲಿ ಉಸಿರು ಹಿಡಿಯೋದು ಕಲಿಸಿದವಳು. ಅವಳನ್ನ ಏನು ಅಂತ ಅನ್ನಲಿ ನಾನು? ನೀನೇ ಹೇಳು. ದೊಡ್ಡ ಊರಿನಲ್ಲಿದ್ದೀಯ.

ನಮ್ಮಮ್ಮಂಗೆ ಇನ್ನೂ ಹೇಳಿಲ್ಲ.

ಇನ್‌ಸುನ್


ಬೂಸಾನ್
೨೫ ಜೂನ್ ೧೯೮೧

ಅಮ್ಮಾ,

ಮುತ್ತಜ್ಜಿಯನ್ನು ಏನೆನ್ನಬೇಕೋ ನನಗೂ ತಿಳಿಯದು. ಉಲ್ಜಿನ್ ಅಜ್ಜಿಯ ಸೊಸೆ ಕಾರ್ಖಾನೆಗೆ ಫೋನ್ ಮಾಡಿಸಿದ್ದಳು. ಅತ್ತೆ ಊಟ ಬಿಟ್ಟಿದ್ದಾರೆ, ಈ ಜುಲೈನ ಪೂಜೆಯೇ ಕೊನೆಯದು ಅನ್ನುತ್ತಿದ್ದಾರೆ ಅಂತ. ನಾನು ಬಂದು ಹೋದದ್ದು ಯಾಕೆ ಅನ್ನುವುದು ಸೊಸೆಗೆ ಅರ್ಥವಾಗಿದೆ. ಮುದುಕಿಗೆ ಹೇಳಿಲ್ಲ. ಹೇಳಬೇಕಾದವರು ಬಂದು ಹೇಳಲಿ ಅಂದಳು.

ಅಜ್ಜಿಗೆ ಓದು. ಈ ಸಲ ಏನೂ ಬಿಡಬೇಡ.

ಉನ್‌ಸಿಲ್


ಸೊಮುಲ್
೫ ಜುಲೈ ೧೯೮೧

ಉನ್‌ಸಿಲ್,

ಎಲ್ಲ ಓದಿದೆ. ಮುಗಿದ ಮೇಲೆ ಅಮ್ಮ ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದಳು. ‘ನೀರಲ್ಲಿ ಅಡಿ ಮುಟ್ಟಿದಾಗೆಲ್ಲ ಯಾವುದೋ ಅಂಗಳ ಕಾಣ್ತಿತ್ತು’ ಅಂದಳು. ‘ಖರ್ಜೂರದ ಬಣ್ಣದ ಹಣ್ಣಿನ ಮರ, ಮರದ ಕೆಳಗೆ ಇನ್ನೊಂದು ಹುಡುಗಿ. ಉಸಿರು ಕಟ್ಟಿದಾಗ ಎಲ್ಲರಿಗೂ ಹೀಗೇ ಏನೋ ಕಾಣ್ತದೆ ಅಂದುಕೊಂಡಿದ್ದೆ. ಆ ಹುಡುಗಿ ಹೆಸರು ಕೇಳಬೇಕು ಅನ್ನೋಷ್ಟರಲ್ಲಿ ಮೇಲೆ ಬಂದುಬಿಡ್ತಿದ್ದೆ.’

ಹದಿನೈದನೇ ತಾರೀಖು ಹಡಗಿಗೆ ಹತ್ತಿಸ್ತೀನಿ. ಬಂದರಿನಲ್ಲಿ ಕಾಯ್ತಿರು. ನನ್ನನ್ನೂ ಬಾ ಅಂದಳು. ಹಂದಿ ನೋಡಿಕೊಳ್ಳೋರು ಯಾರು ಅಂದೆ. ಹಂದಿಗಾಗಿ ಅಲ್ಲ ಅಂತ ಅವಳಿಗೂ ಗೊತ್ತು.

ವಾಪಸ್ ಟಿಕೆಟ್ ತಗೊಳ್ಳೋದು ಬೇಡ ಅಂದಳು. ಒಂದು ಕಡೆಯದನ್ನೇ ತಂದೆ.

ಅಮ್ಮ


ಗಲ್‌ಗುಮಿ
೨೧ ಜುಲೈ ೧೯೮೧

ಅಮ್ಮನಿಗೆ,

ಕಾರ್ಖಾನೆಗೆ ರಜೆ ಹಾಕಿ ಇಲ್ಲೇ ಉಳಿದಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಾವು ಅಂಗಳಕ್ಕೆ ಕಾಲಿಟ್ಟಾಗ ಉಲ್ಜಿನ್ ಅಜ್ಜಿ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಂಗಳದಲ್ಲಿ ಎಲಚಿಯ ಮರ ಇತ್ತು, ಹಣ್ಣಾದರೆ ಅದಕ್ಕೆ ಖರ್ಜೂರದ ಬಣ್ಣ. ಅಜ್ಜಿ ಅದನ್ನು ಒಂದು ಸಲ ಮುಟ್ಟಿ ಮುಂದೆ ಹೋಗಿ ಅವರ ಎದುರು ಕೂತಳು. ಮುದುಕಿ ಅವಳ ಕೈ ಹಿಡಿದು ಬೆರಳುಗಳನ್ನು ತಡವಿ ನೋಡಿ, ‘ಮುಳುಗೋ ಹೆಂಗಸು’ ಅಂದರು. ‘ಕೋಣೆ ಬೇಕಾಗಿತ್ತಾ? ನಾವು ಈಗ ಕೊಡೋದಿಲ್ಲ. ಒಂದು ಸಲ ಕೊಟ್ಟು ಸಾಕಾಗಿದೆ.’

ಅಜ್ಜಿ ‘ಒಮೇ’ ಅಂದಳು.

ಜ್ವರದಲ್ಲಿ ನೀನು ಕೇಳಿದ ದನಿ ಹೇಗಿತ್ತೋ ಗೊತ್ತಿಲ್ಲ. ಇದು ಅರವತ್ತು ವರ್ಷದ ಹೆಂಗಸಿನ ದನಿಯೇ ಆಗಿತ್ತು. ಅದಕ್ಕೇ ಇರಬೇಕು, ಮುದುಕಿ ಕೈ ಕೊಡವಿಕೊಂಡರು. ‘ಹಾಗೆ ಕರೀಬೇಡ. ನನ್ನ ಮಗಳಿಗೆ ನಾಲ್ಕು ವರ್ಷ’ ಅಂದರು.

ಅಜ್ಜಿ ಅಳಲಿಲ್ಲ, ಜೋರು ಮಾಡಲಿಲ್ಲ. ದೋಣಿ, ಸೋರೆಬುರುಡೆ, ಕಚೇರಿಯ ಮೇಜು, ಒಂದಾದ ಮೇಲೊಂದು ಹೇಳಿದಳು. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಮುದುಕಿ ಎಲ್ಲ ಕೇಳಿದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುವ ಬಟ್ಟೆ ಬಾಯಿಗೊತ್ತಿ ನಿಂತಿದ್ದಳು. ಮುದುಕಿ ಕೇಳಿದ್ದು ಒಂದೇ ಮಾತು.

‘ಹಾಗಾದ್ರೆ ಇಷ್ಟು ವರ್ಷ ನನ್ನ ಅನ್ನ ಉಂಡವಳು ಯಾರು?’

ಅಜ್ಜಿ ಗುಡ್ಡದ ಕಡೆ ನೋಡಿದಳು. ಆ ದಿನ ಮುದುಕಿ ನಮ್ಮನ್ನು ಇರಿ ಅಂತಲೂ ಅನ್ನಲಿಲ್ಲ. ಸೊಸೆ ಹೊರಕೋಣೆ ಗುಡಿಸಿ ಚಾಪೆ ಹಾಕಿಕೊಟ್ಟಳು. ಮುತ್ತಜ್ಜಿ ಇಳಿದುಕೊಂಡಿದ್ದ ಅದೇ ಕೋಣೆ. ಅಜ್ಜಿ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಒಳಗೆ ಹೋಗಿ ಚೀಲ ಇಳಿಸಿದಳು.

ಪೂಜೆ ನಿನ್ನೆ ಬೆಳಿಗ್ಗೆ ಆಯಿತು. ಬಿಸಿಲು ಚೆನ್ನಾಗಿತ್ತು, ಕಡಲು ಸುಮ್ಮನಿತ್ತು. ಮುದುಕಿ ತಾವೇ ಬಟ್ಟಲಿಗೆ ಅನ್ನ ಒತ್ತಿ ಬಟ್ಟೆ ಕಟ್ಟಿದರು. ಹಗ್ಗವನ್ನು ಈ ಸಲ ಅಜ್ಜಿಯ ಕೈಗೆ ಕೊಟ್ಟರು. ಯಾಕೆ ಕೊಟ್ಟರೋ, ಪರೀಕ್ಷೆ ಮಾಡಿದರೋ. ಸತ್ತವರನ್ನು ಕರೆಯುವ ಹೆಂಗಸು ‘ಬುನೀ’ ಅಂತ ಕೂಗಿದಳು. ನನ್ನ ಪಕ್ಕದಲ್ಲಿ ಅಜ್ಜಿಯ ಮೈ ತಿರುಗಿತು, ಯಾರೋ ಹೆಗಲು ತಟ್ಟಿದ ಹಾಗೆ. ಹಗ್ಗ ಅಲುಗಲಿಲ್ಲ. ಮತ್ತೆ ಕೂಗಿದಳು. ಏನೂ ಇಲ್ಲ. ಯಾವ ವರ್ಷವೂ ಹೀಗಾಗಿರಲಿಲ್ಲ ಅಂತ ದಡದಲ್ಲಿದ್ದವರು ಪಿಸುಗುಟ್ಟಿದರು.

‘ಆ ಹೆಸರು ನನ್ನದು. ನಾನು ಇಲ್ಲೇ ಇದ್ದೀನಲ್ಲ’ ಅಂದಳು ಅಜ್ಜಿ. ‘ಅವಳ ಹೆಸರು ಕರೀರಿ. ಅದೂ ನನ್ನ ಹತ್ತಿರವೇ ಇದೆ, ಕೊಡ್ತೀನಿ.’ ಆಮೇಲೆ ನೀರಿನ ಕಡೆಯಿಂದ ಗುಡ್ಡದ ಕಡೆ ತಿರುಗಿ ತಾನೇ ಕರೆದಳು. ಚುನ್‌ಹ್ವಾ ಅಂತ.

ಹಗ್ಗ ಬಿಗಿಯಿತು. ನಾನು ಕಣ್ಣಾರೆ ನೋಡಿದೆ ಅಮ್ಮಾ, ಅಲೆಯ ಎಳೆತ ಅಲ್ಲ ಅದು. ನೀರು ಬಿಟ್ಟು ದಡದ ಮೇಲೆ ಬಟ್ಟಲು ಸರಸರ ಬಂತು. ಅಜ್ಜಿ ಅದನ್ನು ಎತ್ತಿಕೊಂಡಳು. ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡಳು. ನಾನು ಹೊರುತ್ತೇನೆ ಅಂದರೆ ಕೇಳಲಿಲ್ಲ. ಹಾಗೇ ಗುಡ್ಡ ಹತ್ತಿದಳು, ಕರೆಯುವ ಹೆಂಗಸೂ ದಡದಲ್ಲಿದ್ದವರೂ ಹಿಂದೆ ಬಂದರು. ಕಲ್ಲಿನ ರಾಶಿಯ ಹತ್ತಿರ ಇಳಿಸಿದಾಗ ಮುದುಕಿ ಕೈಯಾಡಿಸಿ ಕಲ್ಲುಗಳನ್ನು ಮುಟ್ಟಿ ನೋಡಿದರು. ‘ಇಷ್ಟು ಹತ್ತಿರ ಇದ್ದೆಯಾ’ ಅಂದರು. ಮೂವರೂ ಸೇರಿ ಕಲ್ಲು ತೆಗೆದೆವು. ಎಲ್ಲ ತೆಗೆದಾಗ ಕೆಳಗೆ ಬರೀ ತಣ್ಣನೆ ಮಣ್ಣು.

ಆಗ ಕರೆಯುವ ಹೆಂಗಸಿನ ಬಾಯಲ್ಲಿ ಮಗು ಮಾತಾಡಿತು. ಅವಳು ಈ ಊರಿನಲ್ಲೇ ಹುಟ್ಟಿ ಬೆಳೆದವಳು. ಆದರೆ ಬಂದ ಮಾತು ಅಪ್ಪಟ ನಮ್ಮ ಸೊಮುಲಿನದು, ಮಾತಿನ ಕೊನೆ ಎತ್ತುವ ರೀತಿಯೂ ಸೇರಿ. ಸುತ್ತ ನಿಂತವರಲ್ಲಿ ಅದು ಪೂರ್ತಿ ಅರ್ಥವಾದದ್ದು ನನಗೆ ಮತ್ತು ಅಜ್ಜಿಗೆ ಮಾತ್ರ. ‘ಆಟ ಮುಗೀತಾ? ನಾನು ಮನೆಗೆ ಹೋಗಲಾ?’ ಅಂತ ಕೇಳಿತು. ಅಜ್ಜಿ ಮುದುಕಿಯ ಕಿವಿಯಲ್ಲಿ ಅದನ್ನು ಹೇಳಿದಳು.

ಮುದುಕಿ ಬರಿಗೈಯಲ್ಲಿ ಮಣ್ಣು ಸವರಿದರು. ಕೊನೆಗೆ, ‘ಹೋಗಿ ಬಾ ಕಂದಾ. ದಾರಿಯಲ್ಲಿ ನೀರಿಗೆ ಇಳೀಬೇಡ’ ಅಂದರು. ಅಂದು, ಅಲ್ಲೇ ಮಣ್ಣಿನ ಮೇಲೆ ಮುಖವಿಟ್ಟು ಅತ್ತರು. ಸ್ವಂತ ಮಗಳು ಪಕ್ಕದಲ್ಲಿ ಕೂತಿದ್ದಳು. ಅವರು ಅತ್ತದ್ದು ಹೊರಟುಹೋದವಳಿಗಾಗಿ. ಅಜ್ಜಿ ಅವರ ಬೆನ್ನ ಮೇಲೆ ಕೈಯಿಡಲೋ ಬೇಡವೋ ಅಂತ ಕೈ ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ನನಗೆ ನೋಡಲಾಗಲಿಲ್ಲ.

ಉನ್‌ಸಿಲ್


ಗಲ್‌ಗುಮಿ
೧೬ ಆಗಸ್ಟ್ ೧೯೮೧

ಇನ್‌ಸುನ್,

ನಾನು ಹೇಳ್ತಿದ್ದೀನಿ, ಉನ್‌ಸಿಲ್ ಬರೀತಿದ್ದಾಳೆ. ರಜೆಗೆ ಬಂದಿದ್ದಾಳೆ. ಒಂದಕ್ಕೊಂದು ಸೇರಿಸಬೇಡ, ನಾನು ಹೇಳಿದ್ದಷ್ಟೇ ಬರಿ ಅಂದಿದ್ದೀನಿ.

ನನ್ನ ಹೆತ್ತವಳು ಈಗ ಎರಡು ಹೊತ್ತು ಉಣ್ತಾಳೆ. ಮೊದಲು ಸೊಸೆ ಕೈಯಿಂದ ಮಾತ್ರ ಉಣ್ತಿದ್ದಳು. ಹೋದ ವಾರ ನಾನು ತುತ್ತು ಎತ್ತಿದೆ, ಬಾಯಿ ತೆರೆದಳು. ನನ್ನನ್ನ ಇನ್ನೂ ಹೆಸರು ಹಿಡಿದು ಕರೆದಿಲ್ಲ. ‘ಏ ಮುದುಕಿ’ ಅಂತಾಳೆ. ಎಂಬತ್ತರವಳು ನನ್ನನ್ನ ಮುದುಕಿ ಅಂತಾಳೆ, ನಗು ಬರ್ತದೆ. ಇಲ್ಲಿನ ನೀರು ತಣ್ಣಗಿದೆ, ಚಿಪ್ಪು ಸಣ್ಣದು. ಆದ್ರೂ ಇಳೀತಿದ್ದೀನಿ.

ನಾನು ಬರೋದಿಲ್ಲ. ನಿನಗೆ ಹಡಗಿನ ದಿನವೇ ಗೊತ್ತಿತ್ತು. ಇವಳು ಇರೋವರೆಗೆ ಅಂತ ಹೇಳಬಹುದು, ಆದ್ರೆ ಆಮೇಲೂ ಬರ್ತೀನಿ ಅಂತ ನಿನಗೆ ಸುಳ್ಳು ಆಸೆ ಯಾಕೆ ತೋರಿಸಲಿ. ನಿನ್ನನ್ನ ಹೆತ್ತದ್ದು ನಾನೇ. ಅದಕ್ಕೆ ಯಾವ ಕಚೇರಿಯ ಸಾಕ್ಷಿಯೂ ಬೇಡ. ಮಾನ್‌ಸುಕ್‌ಳ ಸಮಾಧಿಯ ಹುಲ್ಲು ಯಾವಾಗಿನ ಹಾಗೇ ಕೊಯ್ಯಿಸು. ಅವಳ ಮೇಲೆ ನನಗೆ ಸಿಟ್ಟು ಬರಬೇಕು ಅಂತ ಕಾಯ್ತಿದ್ದೀನಿ. ಇನ್ನೂ ಬಂದಿಲ್ಲ.

ಇದರ ಜೊತೆ ಒಂದು ಬಿಳಿ ಬಟ್ಟೆಯ ಪೊಟ್ಟಣ ಇದೆ. ಅವತ್ತು ಬಟ್ಟಲಿನ ಅನ್ನದ ಮೇಲೆ ಸಿಕ್ಕಿದ ಕೂದಲು. ನಾನು ಮಲಗ್ತಿದ್ದ ಕಡೆ ಇಡು. ಅದನ್ನ ಬಿಚ್ಚಿ ನೋಡಬೇಡ. ನೋಡಿದ್ರೂ ಹೆದರಬೇಡ.

ಹೇಳಿದವಳು, ನಿನ್ನ ಅಮ್ಮ.
ಯಾವ ಹೆಸರು ಹಾಕಲಿ ಅಂತ ಉನ್‌ಸಿಲ್ ಕೇಳ್ತಿದ್ದಾಳೆ. ಹಾಕೋದು ಬೇಡ ಅಂದೆ.


ಸೊಮುಲ್
೨೦ ಸೆಪ್ಟೆಂಬರ್ ೧೯೮೧

ಉನ್‌ಸಿಲ್,

ಪೊಟ್ಟಣ ಬಂತು. ಅಮ್ಮ ಹೇಳಿದ ಕಡೆ ಇಟ್ಟೆ. ಬಿಚ್ಚಲಿಲ್ಲ.

ಈ ಕಾಗದ ಅಮ್ಮಂಗೆ ಓದಿ ಹೇಳು, ಆದ್ರೆ ಮೊದಲು ನೀನು ಓದಿಕೋ. ಸಿಟ್ಟು ಬಂದಿತ್ತು ನನಗೆ. ನೀನು ಹೋದೆ, ಅವಳೂ ಹೋದಳು, ನಾನೇನು ಹಂದಿಗೂಡು ಕಾಯೋಕೆ ಹುಟ್ಟಿದವಳಾ ಅಂತ. ನಾಲ್ಕು ದಿನ ಒಲೆ ಹಚ್ಚಲಿಲ್ಲ. ಮೊದಲೇ ಬೇಯಿಸಿಟ್ಟಿದ್ದ ಆಲೂಗಡ್ಡೆಯನ್ನೇ ತಣ್ಣಗೆ ತಿಂದೆ.

ಆಮೇಲೆ ಒಂದು ದಿನ ನೀರಿಂದ ಬಂದೆ. ಮನೆಯಲ್ಲಿ ಯಾರೂ ಇಲ್ಲ ಅಂತ ತಿಳೀಲಿ ಎಂದು ಅಂಗಳದ ಬಾಗಿಲ ಕಲ್ಲುಗಳ ನಡುವೆ ಮೂರೂ ಅಡ್ಡಕೋಲು ಏರಿಸಿಯೇ ಹೋಗಿದ್ದೆ. ಬಂದು ನೋಡಿದ್ರೆ ಎಲ್ಲಕ್ಕಿಂತ ಕೆಳಗಿನ ಕೋಲು ನೆಲಕ್ಕೆ ಇಳಿದಿತ್ತು. ಮೇಲಿನ ಎರಡು ಹಾಗೇ ಇದ್ದವು. ಗಾಳಿ ಇರಬೇಕು ಅಂದುಕೊಂಡೆ. ಮಾರನೇ ದಿನ ಗಾಳಿ ಇರಲಿಲ್ಲ. ಅವತ್ತೂ ಹಾಗೇ. ಆ ಕೋಲು ದೊಡ್ಡವರ ಮೊಣಕಾಲಿಗೆ ಬರ್ತದೆ, ದೊಡ್ಡವರು ಬಂದ್ರೆ ಮೇಲಿಂದ ತೆಗೀತಾರೆ.

ಪಕ್ಕದ ಮನೆಯವಳು ಕೇಳಿದಳು, ಉನ್‌ಸಿಲ್ ಮಗು ತಂದು ಬಿಟ್ಟಿದ್ದಾಳಾ, ಯಾರೋ ಪುಟ್ಟ ಹುಡುಗಿ ನಿಮ್ಮ ಹಂದಿ ಹತ್ತಿರ ಮಾತಾಡ್ತಾ ಕೂತಿತ್ತು ಅಂತ. ನಾನು ಹೌದು ಅಂದೆ. ನಿನ್ನ ಮೇಲೆ ಕೆಟ್ಟ ಹೆಸರು ಬಂದ್ರೆ ಬರಲಿ. ಇಲ್ಲ ಅಂದಿದ್ರೆ ಆ ಮಗು ಎಲ್ಲಿಗೆ ಹೋಗಬೇಕು?

ನನಗೆ ಇನ್ನೂ ಕಂಡಿಲ್ಲ. ಒಲೆ ಹಚ್ಚಿದಾಗ ಬೆನ್ನ ಹಿಂದೆ ಯಾರೋ ಕೈ ಕಾಯಿಸಿಕೊಳ್ತಿರೋ ಹಾಗೆ ಅನ್ನಿಸ್ತದೆ. ತಿರುಗಿ ನೋಡೋದಿಲ್ಲ. ಪಾಪ, ಹೊಸ ಜಾಗ, ನಾಚಿಕೆ ಇರ್ತದೆ. ಮುನ್ ಅಜ್ಜಿ ಒಂದು ದಿನ ಬಂದವಳು ಜಗಲಿ ಹತ್ತದೆ ಅಂಗಳದಲ್ಲೇ ಮಂಡಿಯೂರಿ, ಒಳಗಿನ ಕತ್ತಲೆಗೆ ಕೈ ಮುಗಿದು ಹೋದಳು.

ಏನಂತ ಕರೀಬೇಕು ಅಂತ ಯೋಚನೆ ಆಗಿತ್ತು. ಕಚೇರಿಗೆ ಹೋಗಿ ನಮ್ಮ ಮನೆಯ ಪುಟ ಓದಿಸಿದೆ. ಬು ಚುನ್‌ಹ್ವಾ, ಅವಳ ಮಗಳು ಕೊ ಇನ್‌ಸುನ್. ಅಲ್ಲಿ ಹಾಗೇ ಇದೆ. ದಾಖಲೆಯ ಪ್ರಕಾರ ಇವಳು ನನ್ನ ಅಮ್ಮ.

ಈಗ ಎರಡು ಬಟ್ಟಲು ಬಡಿಸ್ತೀನಿ. ಅವಳದರಲ್ಲಿ ಮೀನಿನ ಮುಳ್ಳು ಒಂದೂ ಇಲ್ಲದ ಹಾಗೆ ಬಿಡಿಸಿ ಇಡ್ತೀನಿ.

ಇನ್‌ಸುನ್